ತೀರ್ಥಹಳ್ಳಿ ತಾಲೂಕಿನಲ್ಲಿ ಬರೀ 400 ಜನರನ್ನು ಕೇಳಿದರೆ ಇಡೀ ತಾಲೂಕಿನ ಅಭಿಪ್ರಾಯ ಹೇಗೆ ಗೊತ್ತಾಗುತ್ತದೆ?

ಗೊತ್ತಾಗುತ್ತದೆ, ಆದರೆ ಆ 400 ಜನರನ್ನು ಚೀಟಿ ಎತ್ತಿದ ಹಾಗೆ ಆರಿಸಿರಬೇಕು. ಅಂದರೆ ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಅವಕಾಶ ಒಂದೇ ಇರಬೇಕು.

ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಸಾಕು ಅನ್ನುತ್ತೇವೆ. ಜನ ಮಾತ್ರ ಅಗುಳಿನ ಹಾಗೆ ಒಂದೇ ಸಮ ಬೇಯುವುದಿಲ್ಲ, ಅದಕ್ಕೇ 400 ಬೇಕು. ಹೀಗೆ ಆರಿಸಿದಾಗ ಎರಡೂ ಕಡೆಯ ಏರುಪೇರುಗಳು ಹೆಚ್ಚುಕಡಿಮೆ ಸರಿತೂಗುತ್ತವೆ. ಉತ್ತರ ಸಾಮಾನ್ಯವಾಗಿ ನಿಜಕ್ಕಿಂತ ಹೆಚ್ಚೆಂದರೆ ಶೇ. 5ರಷ್ಟು ಆಚೀಚೆ ಇರುತ್ತದೆ. ತಾಲೂಕಿನ ಬದಲು ಇಡೀ ಶಿವಮೊಗ್ಗ ಜಿಲ್ಲೆ ತೆಗೆದುಕೊಂಡರೂ ಲೆಕ್ಕ ಬಹುತೇಕ ಇಷ್ಟೇ. ನಂಬೋದು ಕಷ್ಟ, ಅಲ್ವಾ?

ಮಲೆನಾಡಿನಲ್ಲಿ ನಿಜವಾದ ತೊಂದರೆ ಬೇರೆ. ಇಲ್ಲಿ ಎಷ್ಟೋ ಮನೆಗಳು ಅಡಿಕೆ ತೋಟದ ಕೊನೆಯಲ್ಲಿ, ಒಂದಕ್ಕೊಂದು ದೂರದಲ್ಲಿವೆ. ಮಳೆಗಾಲದಲ್ಲಂತೂ ಅಲ್ಲಿಗೆ ನಡೆಯಲು ಯಾರಿಗೂ ಮನಸ್ಸಿಲ್ಲ. ಸುಮ್ನೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೇಳಿದರೆ ಮನೆಬಿಟ್ಟು ಹೊರಡದ ವಯಸ್ಸಾದವರು, ಕೂಲಿಗೆ ಹೋದವರು ತಪ್ಪಿಹೋಗುತ್ತಾರೆ. ಆಗ 4,000 ಜನರನ್ನು ಕೇಳಿದರೂ ಅದೇ ತಪ್ಪು ಹಾಗೇ ಉಳಿಯುತ್ತದೆ, ಅಷ್ಟೇ. 1936ರಲ್ಲಿ ಅಮೆರಿಕದ ಒಂದು ಪತ್ರಿಕೆ 20 ಲಕ್ಷಕ್ಕೂ ಜಾಸ್ತಿ ಜನರ ಉತ್ತರ ಪಡೆದಿತ್ತು. ಆದರೂ ಅಧ್ಯಕ್ಷ ಚುನಾವಣೆಯಲ್ಲಿ ರೂಸ್‌ವೆಲ್ಟ್ ಸೋಲುತ್ತಾರೆ ಅಂದಿತು. ಅವರು ಭಾರಿ ಅಂತರದಲ್ಲಿ ಗೆದ್ದರು.