ಒಂದೇ ಡಿಎನ್‌ಎ, ಇಷ್ಟೊಂದು ಬಗೆಯ ಜೀವಕೋಶಗಳು

ಪ್ರಶ್ನೆ: ನಮ್ಮ ಕಣ್ಣಿನ ಕೋಶದಲ್ಲೂ ಯಕೃತ್ತಿನ ಕೋಶದಲ್ಲೂ ಇರುವುದು ಒಂದೇ ಡಿಎನ್‌ಎ ಎಂದು ಓದಿದ್ದೇನೆ. ಹಾಗಿದ್ದರೆ ಅವು ಬೇರೆ ಬೇರೆಯಾಗಿ ಬೆಳೆಯುವುದು ಹೇಗೆ? 2024ರ ನೊಬೆಲ್ ಪ್ರಶಸ್ತಿ ಪಡೆದ ಮೈಕ್ರೋಆರ್‌ಎನ್‌ಎ ಸಂಶೋಧನೆಗೂ ಈ ವಿಷಯಕ್ಕೂ ಸಂಬಂಧವಿದೆಯೇ?

ಉತ್ತರ: ನೇರವಾದ ಸಂಬಂಧವೇ ಇದೆ. ನೀವು ಓದಿದ್ದು ಬಹುಮಟ್ಟಿಗೆ ಸರಿ. ಕೋಶಕೇಂದ್ರವನ್ನೇ ಕಳೆದುಕೊಳ್ಳುವ ಕೆಂಪು ರಕ್ತಕಣಗಳು, ತಮ್ಮ ಕೆಲವು ಜೀನ್‌ಗಳನ್ನು ಕತ್ತರಿಸಿ ಮರುಜೋಡಿಸಿಕೊಳ್ಳುವ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಮುಂತಾದ ಕೆಲವು ಅಪವಾದಗಳಿವೆ, ಅಷ್ಟೆ. ಪ್ರೋಟೀನ್ ತಯಾರಿಕೆಗೆ ಬೇಕಾದ ಸುಮಾರು 20,000 ಜೀನ್‌ಗಳು ಉಳಿದ ಕೋಶಗಳಲ್ಲೆಲ್ಲ ಇವೆ. ಇನ್ಸುಲಿನ್ ಜೀನ್ ಚರ್ಮದ ಕೋಶದಲ್ಲೂ ಇದೆ, ಆದರೆ ಅದು ಇನ್ಸುಲಿನ್ ತಯಾರಿಸುವ ಮಟ್ಟಕ್ಕೆ ಸಕ್ರಿಯವಾಗುವುದು ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳಲ್ಲಿ. ಕೋಶದ ಗುರುತು ನಿಂತಿರುವುದು ಯಾವ ಜೀನ್‌ಗಳಿವೆ ಎಂಬುದರ ಮೇಲಲ್ಲ. ಯಾವುವು, ಎಷ್ಟರ ಮಟ್ಟಿಗೆ, ಯಾವ ಹೊತ್ತಿನಲ್ಲಿ ಕೆಲಸ ಮಾಡುತ್ತವೆ ಎಂಬುದರ ಮೇಲೆ. ಈ ಮೂರರಲ್ಲಿ ಹೊತ್ತಿನ ಪ್ರಶ್ನೆಗೆ ನಮ್ಮ ಜನಪ್ರಿಯ ವಿಜ್ಞಾನ ಬರಹಗಳಲ್ಲಿ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎಂದು ನನಗೆ ಅನ್ನಿಸುತ್ತದೆ.

ಡಿಎನ್‌ಎಗೆ ಅಂಟಿಕೊಂಡು ಜೀನ್‌ಗಳನ್ನು ಚಾಲೂ ಮಾಡುವ ಅಥವಾ ತಡೆಯುವ ಪ್ರೋಟೀನ್‌ಗಳಿವೆ. ಡಿಎನ್‌ಎಯನ್ನು ಸುತ್ತಿಟ್ಟ ಹಿಸ್ಟೋನ್ ಎಂಬ ಪ್ರೋಟೀನ್‌ಗಳ ಮೇಲೂ ಡಿಎನ್‌ಎಯ ಮೇಲೂ ಬೀಳುವ ರಾಸಾಯನಿಕ ಗುರುತುಗಳಿವೆ. ಜೀನ್ ನಿಯಂತ್ರಣದ ಮುಖ್ಯ ಕಥೆ ಇಲ್ಲಿಗೆ ಮುಗಿಯಿತು ಎಂದೇ ಬಹುಕಾಲ ಭಾವಿಸಲಾಗಿತ್ತು. ಆ ಭಾವನೆಯನ್ನು ಬದಲಿಸಿದ್ದು ಒಂದು ಮಿಲಿಮೀಟರ್ ಉದ್ದದ, ಸೀನೋರ್‌ಹ್ಯಾಬ್‌ಡೈಟಿಸ್ ಎಲೆಗನ್ಸ್ ಎಂಬ ಹೆಸರಿನ ಪಾರದರ್ಶಕ ದುಂಡುಹುಳು. ಬೆಳೆದ ದ್ವಿಲಿಂಗಿ ಹುಳುವಿನಲ್ಲಿ ಸಂತಾನೋತ್ಪತ್ತಿಯ ಕೋಶಗಳನ್ನು ಬಿಟ್ಟರೆ 959 ದೇಹಕೋಶಗಳಿರುತ್ತವೆ, ಮತ್ತು ಪ್ರತಿಯೊಂದು ಕೋಶವೂ ಯಾವ ಕೋಶದಿಂದ, ಯಾವ ವಿಭಜನೆಯಲ್ಲಿ ಹುಟ್ಟಿತು ಎಂಬ ಪೂರ್ಣ ವಂಶಾವಳಿಯನ್ನು ವಿಜ್ಞಾನಿಗಳು ಸೂಕ್ಷ್ಮದರ್ಶಕದಲ್ಲಿ ನೋಡಿ ದಾಖಲಿಸಿದ್ದಾರೆ. ಹಾಗಾಗಿ ಯಾವುದಾದರೂ ಕೋಶ ತಪ್ಪಿದ ಹೊತ್ತಿನಲ್ಲಿ ವಿಭಜಿಸಿದರೆ ಅದು ತಕ್ಷಣ ಕಣ್ಣಿಗೆ ಬೀಳುತ್ತದೆ.

ಅಂಥ ಹೊತ್ತು ತಪ್ಪಿದ ಹುಳುಗಳನ್ನೇ, 2024ರ ನೊಬೆಲ್ ಹಂಚಿಕೊಂಡ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅಧ್ಯಯನ ಮಾಡಿದರು. ಲಿನ್-4 ಎಂಬ ಜೀನ್ ಕೆಟ್ಟ ಹುಳು ತನ್ನ ಮೊದಲ ಮರಿಹಂತದ ಕೋಶವಿಭಜನೆಗಳನ್ನೇ ಮತ್ತೆ ಮತ್ತೆ ನಡೆಸುತ್ತಿತ್ತು. ವಯಸ್ಕ ದೇಹದ ಕೆಲವು ರಚನೆಗಳು ಅದರಲ್ಲಿ ಮೂಡುತ್ತಲೇ ಇರಲಿಲ್ಲ. ಲಿನ್-14 ಎಂಬ ಇನ್ನೊಂದು ಜೀನ್ ಕೆಟ್ಟಾಗ ಆಗುತ್ತಿದ್ದುದು ಇದಕ್ಕೆ ವಿರುದ್ಧ: ಮುಂದಿನ ಹಂತದ ವಿಭಜನೆಗಳು ಅವಧಿಗೆ ಮೊದಲೇ ಶುರುವಾಗುತ್ತಿದ್ದವು. ಮೊದಲನೆಯದು ಎರಡನೆಯದನ್ನು ಹತ್ತಿಕ್ಕುತ್ತದೆ ಎಂಬುದು ಗೊತ್ತಾಯಿತು, ಆದರೆ ಹೇಗೆ ಎಂಬುದು ತಿಳಿಯಲಿಲ್ಲ. ಲಿನ್-4 ಜೀನನ್ನು ಬೇರ್ಪಡಿಸಿ ನೋಡಿದ ಆಂಬ್ರೋಸ್ ಅವರ ತಂಡಕ್ಕೆ ಸಿಕ್ಕಿದ್ದು ಪ್ರೋಟೀನ್ ಅಲ್ಲ, ಸುಮಾರು 22 ನ್ಯೂಕ್ಲಿಯೋಟೈಡ್‌ಗಳಷ್ಟೇ, ಅಂದರೆ 22 ಅಕ್ಷರಗಳಷ್ಟೇ ಉದ್ದದ ಒಂದು ಆರ್‌ಎನ್‌ಎ ತುಣುಕು. ಇಂಥ ಪುಟ್ಟ ತುಣುಕುಗಳನ್ನೇ ಮೈಕ್ರೋಆರ್‌ಎನ್‌ಎ ಎನ್ನುವುದು. 1992ರಲ್ಲಿ ಇಬ್ಬರೂ ತಮ್ಮ ತಮ್ಮ ಜೀನ್‌ಗಳ ಅಕ್ಷರಸರಣಿಯನ್ನು ವಿನಿಮಯ ಮಾಡಿಕೊಂಡು ಹೋಲಿಸಿದಾಗ, ಆ ತುಣುಕು ಲಿನ್-14ರ ಸಂದೇಶವಾಹಕ ಆರ್‌ಎನ್‌ಎಯ (ಪ್ರೋಟೀನ್ ತಯಾರಿಸಲು ಜೀನ್‌ನಿಂದ ಹೊರಡುವ ಪ್ರತಿಯ) ಬಾಲದ ಭಾಗಕ್ಕೆ ಹಲವು ಕಡೆ ಜೋಡಿಯಾಗಿ ಕೂರುತ್ತದೆ ಎಂಬುದು ಇಬ್ಬರಿಗೂ ಕಂಡಿತು. ಜೀನ್‌ನಿಂದ ಸಂದೇಶ ಹೊರಟಿದ್ದರೂ ಈ ತುಣುಕು ಅದರ ಮೇಲೆ ಕುಳಿತಾಗ ಪ್ರೋಟೀನ್ ತಯಾರಿಕೆ ಕುಗ್ಗುತ್ತದೆ, ಮತ್ತು ಆ ಕುಗ್ಗುವಿಕೆಯೇ ಹುಳುವನ್ನು ಮುಂದಿನ ಹಂತಕ್ಕೆ ಸಾಗಿಸುತ್ತದೆ.

1993ರಲ್ಲಿ ಇದು ಪ್ರಕಟವಾದಾಗ ಹೆಚ್ಚಿನವರು ಇದನ್ನು ಆ ಹುಳುವಿಗೆ ಮಾತ್ರ ಸೀಮಿತವಾದ ವಿಚಿತ್ರವೆಂದು ತಿಳಿದರು. 2000ದಲ್ಲಿ ರವ್ಕುನ್ ತಂಡ ಲೆಟ್-7 ಎಂಬ ಎರಡನೆಯ ಮೈಕ್ರೋಆರ್‌ಎನ್‌ಎಯನ್ನು ಗುರುತಿಸಿ, ಅದು ಮನುಷ್ಯರೂ ಸೇರಿದಂತೆ ಬಹುಪಾಲು ಪ್ರಾಣಿಗಳಲ್ಲಿ ಹೆಚ್ಚುಕಡಿಮೆ ಬದಲಾಗದೆ ಉಳಿದುಬಂದಿದೆ ಎಂದು ತೋರಿಸಿದ ಮೇಲೆ ಆ ತಿಳಿವಳಿಕೆ ಸುಳ್ಳಾಯಿತು. ಮನುಷ್ಯನಲ್ಲಿ ಇಂಥ ಮೈಕ್ರೋಆರ್‌ಎನ್‌ಎಗಳ ಜೀನ್‌ಗಳು ಸಾವಿರಕ್ಕೂ ಹೆಚ್ಚಿವೆ ಎಂದು ಹೇಳಲಾಗುತ್ತದೆ. ಒಂದೊಂದೂ ಹಲವು ಜೀನ್‌ಗಳ ಸಂದೇಶವನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸುತ್ತದೆ. ಒಂದು ಜೀನ್‌ನ ಸಂದೇಶದ ಮೇಲೆ ಹಲವು ಮೈಕ್ರೋಆರ್‌ಎನ್‌ಎಗಳೂ ಕೂರಬಲ್ಲವು. ಅವುಗಳನ್ನು ಉದ್ದದ ಆರ್‌ಎನ್‌ಎಯಿಂದ ಕತ್ತರಿಸಿ ಕೊಡುವ ಡೈಸರ್ ಎಂಬ ಪ್ರೋಟೀನ್‌ನ ಜೀನ್‌ನಲ್ಲಿ ಹುಟ್ಟಿನಿಂದಲೇ ದೋಷವಿದ್ದವರಿಗೆ ಶ್ವಾಸಕೋಶ, ಮೂತ್ರಪಿಂಡ, ಥೈರಾಯ್ಡ್ ಮೊದಲಾದ ಅಂಗಗಳಲ್ಲಿ ಗಡ್ಡೆಗಳಾಗುವ ಸಂಭವ ಹೆಚ್ಚು.

ಪ್ರಶ್ನೆ: ಒಮ್ಮೆ ಚರ್ಮದ ಕೋಶವಾದದ್ದು ಮತ್ತೆ ಬೇರೆ ಕೋಶವಾಗಲು ಸಾಧ್ಯವೇ?

ಉತ್ತರ: ಸಾಧ್ಯ. 1962ರಲ್ಲಿ ಜಾನ್ ಗರ್ಡನ್ ಗೊದಮೊಟ್ಟೆಯ ಕರುಳಿನ ಕೋಶಕೇಂದ್ರವನ್ನು ತೆಗೆದು, ಸ್ವಂತ ಕೇಂದ್ರವನ್ನು ನಾಶಮಾಡಿದ್ದ ಕಪ್ಪೆಯ ಅಂಡದಲ್ಲಿ ಇರಿಸಿದರು. ಕೆಲವು ಅಂಡಗಳು ಗೊದಮೊಟ್ಟೆಗಳಾಗಿ ಬೆಳೆದವು, ಅಂದರೆ ಕರುಳಿನ ಕೋಶವಾಗುವಾಗ ಯಾವ ಜೀನ್ ಕೂಡ ಕಳೆದುಹೋಗಿರಲಿಲ್ಲ. 2006ರಲ್ಲಿ ಶಿನ್ಯಾ ಯಮನಾಕ ಮತ್ತು ಕಝುತೋಷಿ ತಕಹಾಷಿ ಅಂಡದ ನೆರವೂ ಇಲ್ಲದೆ ಇಲಿಯ ಸಂಯೋಜಕ ಅಂಗಾಂಶದ ಕೋಶಗಳನ್ನು, ದೇಹದ ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ ಭ್ರೂಣದ ಕಾಂಡಕೋಶಗಳಂತೆ ಮಾಡಿದರು; 24 ಜೀನ್‌ಗಳಿಂದ ಆರಂಭಿಸಿದ ಅವರಿಗೆ ಕೊನೆಗೆ ನಾಲ್ಕೇ ಸಾಕಾದವು. ಮರುವರ್ಷ ಮನುಷ್ಯರ ಕೋಶಗಳಲ್ಲೂ ಇದು ನಡೆಯಿತು. ಆ ನಾಲ್ಕರಲ್ಲಿ ಒಂದಾದ ಸಿ-ಮಿಕ್ ಕ್ಯಾನ್ಸರ್‌ಗೆ ಸಂಬಂಧಪಟ್ಟ ಜೀನ್ ಆಗಿರುವುದರಿಂದ, ಇಂಥ ಕೋಶಗಳನ್ನು ರೋಗಿಯ ದೇಹಕ್ಕೆ ಸೇರಿಸುವ ಮುನ್ನ ಬಹಳ ಎಚ್ಚರಿಕೆ ಬೇಕಾಗುತ್ತದೆ.

ಪ್ರಶ್ನೆ: ಅಂಡ, ವೀರ್ಯಾಣು ಎರಡೂ ಇಲ್ಲದೆ ಪ್ರಯೋಗಾಲಯದಲ್ಲಿ ಮಾನವ ಭ್ರೂಣವನ್ನು ಸೃಷ್ಟಿಸಿದ್ದಾರೆ ಎಂಬ ಸುದ್ದಿ ನಿಜವೇ?

ಉತ್ತರ: ಅವು ಭ್ರೂಣದ ಮಾದರಿಗಳೇ ಹೊರತು ಭ್ರೂಣಗಳಲ್ಲ. 2022ರಲ್ಲಿ ಇಲಿಯ ಕಾಂಡಕೋಶಗಳಿಂದ ಬೆಳೆಸಿದ ಇಂಥ ಮಾದರಿಗಳಲ್ಲಿ ಮಿಡಿಯುವ ಹೃದಯದ ಭಾಗವೂ ಮಿದುಳಿನ ಆರಂಭದ ರಚನೆಗಳೂ ಮೂಡಿದ್ದವು. 2023ರಲ್ಲಿ ಇಸ್ರೇಲಿನ ವೈಜ್ಮನ್ ಸಂಸ್ಥೆಯ ಯಾಕೋಬ್ ಹನ್ನಾ ಅವರ ತಂಡ ಮಾನವ ಕಾಂಡಕೋಶಗಳಿಂದ, ಸುಮಾರು 14 ದಿನಗಳ ಭ್ರೂಣವನ್ನು ಹೋಲುವ ಮಾದರಿಯನ್ನು ಬೆಳೆಸಿತು. ಆದರೆ ಆರಂಭದಲ್ಲಿ ಇಟ್ಟ ಕೋಶಗುಂಪುಗಳಲ್ಲಿ ತೀರ ಕೆಲವೇ ಹೀಗೆ ಸರಿಯಾಗಿ ಜೋಡಿಕೊಳ್ಳುತ್ತವೆ. ಭ್ರೂಣ ಗರ್ಭಕೋಶಕ್ಕೆ ಅಂಟಿಕೊಂಡ ನಂತರದ ದಿನಗಳನ್ನು ನೇರವಾಗಿ ನೋಡುವುದು ಅಸಾಧ್ಯವೆನ್ನುವಷ್ಟು ಕಷ್ಟ, ಮತ್ತು ಅನೇಕ ಗರ್ಭಪಾತಗಳು ಆಗುವುದು ಆ ದಿನಗಳಲ್ಲಿಯೇ. ಆದುದರಿಂದ ಈ ಕೆಲಸದ ಮಹತ್ವವನ್ನು ನಾನು ಮನಸಾರೆ ಒಪ್ಪುತ್ತೇನೆ. ಮಾನವ ಮಾದರಿಗಳನ್ನು ಮನುಷ್ಯರ ಅಥವಾ ಪ್ರಾಣಿಗಳ ಗರ್ಭಕೋಶದಲ್ಲಿ ಇರಿಸಬಾರದು ಎಂದು ಅಂತರರಾಷ್ಟ್ರೀಯ ಕಾಂಡಕೋಶ ಸಂಶೋಧನಾ ಸಂಘದ ಮಾರ್ಗಸೂಚಿ ನಿಷೇಧಿಸಿದೆ. ಮಾದರಿಗಳು ನಿಜವಾದ ಭ್ರೂಣಕ್ಕೆ ಹತ್ತಿರವಾದಂತೆಲ್ಲ ಈ ನಿಷೇಧ ಕೇವಲ ಮಾರ್ಗಸೂಚಿಯಾಗಿ ಉಳಿಯದೆ, ಪ್ರತಿ ದೇಶದಲ್ಲೂ ಕಾನೂನಾಗಬೇಕೆಂಬುದು ನನ್ನ ಅಭಿಪ್ರಾಯ.