ಮನೆ ಕಟ್ಟೋರ ಪ್ರಶ್ನೆ, ನಮ್ಮ ಉತ್ತರ: ಜರ್ಮನಿ ಮನೆ ಕಲಬುರಗಿ ಬಿಸಿಲಿಗೆ ಆಗ್ತದಾ?

ಪ್ರಶ್ನೆ: ನಮಸ್ಕಾರ ಸರ್, ಕಲಬುರಗಿದಾಗ 30 ಬೈ 40 ಸೈಟ್ ಅದ, ಮುಂದಿನ ತಿಂಗಳು ಪಾಯ ತೆಗಸ್ಬೇಕು. ಮಗ ಜರ್ಮನಿದಾಗ ಇದ್ದಾನ, ಅಪ್ಪಾ ಪ್ಯಾಸಿವ್ ಹೌಸ್ ಕಟ್ಟಸು, ಕರೆಂಟ್ ಬಿಲ್ ಭಾಳ ಕಮ್ಮಿ ಬರ್ತದ ಅಂತ ಫೋನ್ ಮಾಡಿದಾಗೆಲ್ಲ ಹೇಳ್ತಾನ. ಮೇಸ್ತ್ರಿ ಕೇಳಿದ್ರ ಆ ಹೆಸರೇ ಕೇಳಿಲ್ರಿ ಅಂದ. ಎಲ್ಲಿ ರೊಕ್ಕ ಹಾಕ್ಬೇಕು, ಎಲ್ಲಿ ಬ್ಯಾಡ ಹೇಳ್ರಿ.
— ಓದುಗರು, ಕಲಬುರಗಿ

ಉತ್ತರ: ಮಗ ಹೇಳೋದು ಒಳ್ಳೇ ಮಾತೇ ಸರ್, ಆದ್ರೆ ಅದು ಹೀಟರ್ ಹೆಚ್ಚು ಬೇಡದೆ ಬೆಚ್ಚಗಿರ್ಲಿ ಅಂತ ಚಳಿ ದೇಶದಲ್ಲಿ ಹುಟ್ಟಿದ ಮನೆ. ಮೊದಲನೇ ಪ್ಯಾಸಿವ್ ಹೌಸ್ ಅಂದ್ರೆ ಜರ್ಮನಿಯ ಡಾರ್ಮ್‌ಸ್ಟಾಟ್ ಊರಿನ ಕ್ರಾನಿಕ್‌ಸ್ಟೈನ್‌ನಲ್ಲಿರೋ ನಾಲ್ಕು ಸಾಲುಮನೆ, 1991ರಲ್ಲಿ ಜನ ವಾಸಕ್ಕೆ ಬಂದ್ರು, ವೋಲ್ಫ್‌ಗಾಂಗ್ ಫೈಸ್ಟ್ ಅನ್ನೋ ಭೌತವಿಜ್ಞಾನಿ ಮುಂದೆ ನಿಂತು ಮಾಡಿಸಿದ್ದು. ಗೋಡೆಗೆ ದಪ್ಪ ಇನ್ಸುಲೇಷನ್, ಕಿಟಕಿಗೆ ಮೂರು ಪದರ ಗಾಜು, ಸಂದಿಗೊಂದಿ ಎಲ್ಲಾ ಬಂದ್, ಹೊರಗೆ ಹೋಗೋ ಗಾಳಿಯ ಬಿಸಿನ ಒಳಗೆ ಬರೋ ಗಾಳಿಗೆ ದಾಟಿಸೋಕೆ ಒಂದು ಮಷಿನ್. ಮನೆ ಬೆಚ್ಚಗಿಡೋಕೆ ಒಂದು ಚದರ ಮೀಟರ್‌ಗೆ ವರ್ಷಕ್ಕೆ 15 ಯೂನಿಟ್ ದಾಟಬಾರದು ಅನ್ನೋದು ಅವರ ಲೆಕ್ಕ. ನಿಮಗೆ ಬೇಕಾಗಿರೋದು ಬಿಸಿನ ಹೊರಗೇ ತಡೆಯೋದು, ಹಾಗಾಗಿ ಆ ಮಷಿನ್ನೂ ಬೇಡ, ಮೂರು ಪದರ ಗಾಜೂ ಬೇಡ, ಆ ದುಡ್ಡು ಪೂರ್ತಿ ತಾರಸಿಗೆ ಹಾಕಿ.

ಯಾಕೆ ಅಂದ್ರೆ ಮೇ ಎರಡನೇ ವಾರದ ಆಸುಪಾಸು ನಿಮ್ಮೂರಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಇರ್ತಾನೆ, ನಿಂತವನ ನೆರಳು ಕಾಲಡಿಯಲ್ಲೇ ಬೀಳತ್ತೆ, ಅಂದ್ರೆ ಆ ಬಿಸಿಲನ್ನೆಲ್ಲ ತಿನ್ನೋದು ನಿಮ್ಮ ಸ್ಲ್ಯಾಬು. ಈಗಿರೋ ಮನೆ ಆರ್‌ಸಿಸಿದಾದ್ರೆ ಬೇಸಿಗೆ ರಾತ್ರಿ ಹತ್ತಕ್ಕೆ ಸ್ಟೂಲ್ ಹತ್ತಿ ಸ್ಲ್ಯಾಬ್ ಅಡಿಗೆ ಅಂಗೈ ಇಟ್ಟು ನೋಡಿ, ಆಗಷ್ಟೇ ಇಸ್ತ್ರಿ ಮಾಡಿಟ್ಟ ಅಂಗಿ ಥರ ಬೆಚ್ಚಗಿರತ್ತೆ, ಹಗಲೆಲ್ಲ ಕುಡಿದ ಬಿಸಿನ ಅದು ಕಕ್ಕೋದೇ ನೀವು ಮಲಗೋ ಹೊತ್ತಿಗೆ, ಫ್ಯಾನ್ ಹಾಕಿದ್ರೆ ಆ ಬಿಸಿನೇ ಮೈಮೇಲೆ ಬರತ್ತೆ.

ಸ್ಲ್ಯಾಬ್ ಮೇಲೆ ವಾಟರ್‌ಪ್ರೂಫಿಂಗ್ ಮುಗಿದ ಮೇಲೆ 50 ಎಂಎಂ ಎಕ್ಸ್‌ಪಿಎಸ್ ಶೀಟ್ (ಬಿಸಿ ತಡೆಯೋ ಗಟ್ಟಿ ಫೋಮ್ ಹಲಗೆ) ಹಾಸಿ, ಅದರ ಮೇಲೆ ಕಾಂಕ್ರೀಟ್ ಪದರ, ಕೊನೆಗೆ ಬಿಳಿ ಟೈಲ್ಸ್ ಚೂರು, ಅದೇ ಚೈನಾ ಮೊಸಾಯಿಕ್. ಶೀಟ್‌ನ ಸ್ಲ್ಯಾಬ್ ಅಡಿಗೆ ಅಂಟಿಸ್ತೀವಿ ಅಂದ್ರೆ ಒಪ್ಬೇಡಿ, ಮೇಲಿದ್ರೆ ಕಾಂಕ್ರೀಟೇ ತಂಪಾಗಿರತ್ತೆ. ಕೆಲಸ ನಡೆಯೋವಾಗ ನೀವೇ ಹತ್ರ ನಿಂತ್ಕೊಳ್ಳಿ, ರಾಯಚೂರಲ್ಲಿ ನಾನು ಮಾಡಿಸ್ತಿದ್ದ ಒಂದು ಮನೆಯಲ್ಲಿ ಕೆಲಸದವರು ಶೀಟ್ ಮಧ್ಯೆ ಒಂದೊಂದು ಬೆರಳು ಸಂದು ಬಿಟ್ಟಿದ್ರು, ಕಾಂಕ್ರೀಟ್ ಹಾಕೋಕೆ ಮುಂಚೆ ನೋಡಿದ್ದಕ್ಕೆ ಬಚಾವ್, ಎಲ್ಲ ಎತ್ತಿ ಒತ್ತಾಗಿ ಜೋಡಿಸಿ ಟೇಪ್ ಹೊಡೆಸಿದ್ವಿ. ಕೇಂದ್ರ ಸರ್ಕಾರದ 2018ರ ಇಕೋ ನಿವಾಸ್ ಸಂಹಿತಾ ಅನ್ನೋ ಮನೆಗಳ ಇಂಧನ ಉಳಿತಾಯ ನಿಯಮದಲ್ಲಿ ತಾರಸಿಯ ಯು-ವ್ಯಾಲ್ಯೂ (ಬಿಸಿ ಎಷ್ಟು ಸುಲಭವಾಗಿ ದಾಟತ್ತೆ ಅನ್ನೋ ಅಳತೆ, ಕಮ್ಮಿ ಇದ್ದಷ್ಟು ಒಳ್ಳೇದು) 1.2 ದಾಟಬಾರದು ಅಂತಿದೆ, ಬರೀ ಸ್ಲ್ಯಾಬ್ ಮೂರರ ಮೇಲಿರತ್ತೆ, ಈ ಶೀಟ್ ಹಾಕಿದ್ರೆ ಸುಮಾರು 0.5ಕ್ಕೆ ಇಳಿಯತ್ತೆ.

ಗೋಡೆ ವಿಷಯಕ್ಕೆ ಬಂದ್ರೆ ಪಶ್ಚಿಮ ಒಂದನ್ನ ಗಟ್ಟಿ ಹಿಡ್ಕೊಳ್ಳಿ. ಸಂಜೆ ಬಿಸಿಲು ಓರೆಯಾಗಿ ಸಜ್ಜಾ ಕೆಳಗಿಂದ ನುಗ್ಗತ್ತೆ, ಅದಕ್ಕೆ ಮೆಟ್ಟಿಲು, ಬಾತ್‌ರೂಮು, ಸ್ಟೋರು ಎಲ್ಲ ಆ ಕಡೆ ತಳ್ಳಿ. ಎಲಿವೇಷನ್ ಚೆಂದ ಕಾಣ್ಲಿ ಅಂತ ಪಶ್ಚಿಮಕ್ಕೆ ದೊಡ್ಡ ಗಾಜು ಇಡ್ಸೋರನ್ನ ನೋಡಿದ್ರೆ ನನಗೆ ನಿಜಕ್ಕೂ ಸಂಕಟ ಆಗತ್ತೆ, ಆಮೇಲೆ ಆ ರೂಮಲ್ಲಿ ಕೂರೋಕಾಗ್ದೆ ಏಸಿ ಹಾಕ್ಸ್ತಾರೆ.

ಇನ್ನೊಂದು, ಬೆಳಿಗ್ಗೆ ಎಂಟೂವರೆಗೆಲ್ಲ ಕಿಟಕಿ ಮುಚ್ಚಿ, ಹೊರಗಿನ ಗಾಳಿ ತಣ್ಣಗಾದ ಮೇಲೆ ತೆಗೆದು ರಾತ್ರಿ ಪೂರ್ತಿ ಬಿಡಿ, ಸೊಳ್ಳೆ ಮೆಶ್ ಖಂಡಿತ ಬೇಕು. (ಮಂಗಳೂರು ಕಡೆಯೋರು ಇದನ್ನ ಪಾಲಿಸ್ಬೇಡಿ, ಆ ಸೆಕೆಗೆ ಹಗಲೂ ಗಾಳಿ ಆಡ್ಬೇಕು.) ನಿಮ್ಮ ಭಾಗದ ಹಳೇ ಮಾಳಿಗೆ ಮನೆಗಳಲ್ಲಿ ಇದೇ ಲೆಕ್ಕ ಇತ್ತು, ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣು, ಸಣ್ಣ ಬೆಳಕಿಂಡಿ, ಮಗನಿಗೆ ಅಜ್ಜನ ಮನೆ ನೆನಪಿದ್ರೆ ಫೋನಲ್ಲಿ ಹೇಳಿ, ತಕ್ಷಣ ಅರ್ಥ ಆಗತ್ತೆ. ಒಂದು ಬೆಡ್‌ರೂಮಿಗೆ ಏಸಿ ಬೇಕೇ ಬೇಕು ಅಂದ್ರೆ ಆ ರೂಮಿನ ಸಂದಿ, ಬಾಗಿಲಡಿ ಮಾತ್ರ ಜರ್ಮನಿ ಥರ ಬಿಗಿ ಮಾಡ್ಸಿ.

ಪ್ರಶ್ನೆ: ಬೆಂಗಳೂರಲ್ಲಿ ಟಾಪ್ ಫ್ಲೋರ್ ಬಾಡಿಗೆ ಮನೆ, ಮಾರ್ಚ್ ಬಂದ್ರೆ ಕುದಿಯತ್ತೆ. ಏನೂ ಒಡೆಯೋ ಹಾಗಿಲ್ಲ, ಜಾಸ್ತಿ ಖರ್ಚೂ ಆಗಲ್ಲ, ಏನ್ ಮಾಡ್ಲಿ?
— ಓದುಗರು, ಬೆಂಗಳೂರು

ಉತ್ತರ: ಮೇಡಂ, ಓನರ್‌ನ ಕೇಳಿ ಫೆಬ್ರವರಿಲೇ ತಾರಸಿಗೆ ಎರಡು ಕೋಟ್ ಸುಣ್ಣ ಹೊಡೆಸಿ, ಮಳೆಗೆ ತೊಳೆದು ಹೋಗತ್ತೆ ಆದ್ರೆ ಬೇಸಿಗೆ ದಾಟಿಸತ್ತೆ, ಧೂಳು ಕೂತ್ರೆ ಗುಡಿಸ್ತಾ ಇರಿ. ಫ್ಯಾನ್ ಹಳೇ 75 ವ್ಯಾಟ್‌ದಾದ್ರೆ ಬಿಎಲ್‌ಡಿಸಿ (ಕರೆಂಟ್ ಕಮ್ಮಿ ತಿನ್ನೋ ಮೋಟಾರಿನ ಫ್ಯಾನ್) ತಗೊಳ್ಳಿ, ಅದು 30 ವ್ಯಾಟ್ ಆಸುಪಾಸು, ದಿನಕ್ಕೆ 12 ಗಂಟೆ ಓಡಿದ್ರೆ ಒಂದು ಫ್ಯಾನಿಗೆ ತಿಂಗಳಿಗೆ ಸುಮಾರು 16 ಯೂನಿಟ್ ಉಳಿಯತ್ತೆ. ಕರ್ಟನ್ ದಪ್ಪ ಮಾಡೋದ್ರಿಂದ ಹೆಚ್ಚು ಪ್ರಯೋಜನ ಇಲ್ಲ, ಗಾಜು ದಾಟಿ ಬಂದ ಬಿಸಿಲು ಕರ್ಟನ್ನನ್ನ ಕಾಯಿಸಿ ರೂಮಲ್ಲೇ ಉಳಿಯತ್ತೆ. ಬಿದಿರಿನ ಚಿಕ್, ಅಂದ್ರೆ ಬಿದಿರುಕಡ್ಡಿ ಪರದೆ, ತಂದು ಕಿಟಕಿ ಹೊರಗಡೆ, ಗ್ರಿಲ್‌ಗೆ ಕಟ್ಟಿ. ಮನೆ ಖಾಲಿ ಮಾಡುವಾಗ ಬಿಚ್ಚಿ ಸುತ್ಕೊಂಡು ಹೋಗ್ಬಹುದು.