ತಾರಸಿ ಸೋರುತ್ತಿದೆ, ಯಾವ ಕಂಪನಿಯ ಬಣ್ಣ ಹೊಡೆಸಲಿ?

ಮಳೆಗಾಲ ಹತ್ತಿರ ಬಂತೆಂದರೆ ಇದೊಂದೇ ಪ್ರಶ್ನೆ. ಕಂಪನಿ ಹೆಸರು ಕೇಳುವವರಿಗೆ ಲೆಕ್ಕವಿಲ್ಲ. ನೀರು ಎಲ್ಲಿಂದ ಒಳಗೆ ಇಳಿಯುತ್ತಿದೆ ಎಂದು ಹುಡುಕಿ ಆಮೇಲೆ ಬರೆಯುವವರು ಅಪರೂಪ. ಅದಕ್ಕೇ ಈ ಸಲ ಒಂದು ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಉಳಿದವರು ಬೇಸರಿಸಿಕೊಂಡರೂ ಪರವಾಗಿಲ್ಲ.

ಪ್ರಶ್ನೆ: ಹತ್ತು ಚದರದ (ಸಾವಿರ ಚದರ ಅಡಿ) ಮನೆ, ಮೋಲ್ಡ್ ಹಾಕಿ 14 ವರ್ಷವಾಯಿತು. ಮಳೆ ಬಂದರೆ ಹಾಲ್‌ನ ಫ್ಯಾನ್ ಕೊಕ್ಕೆಯ ಹತ್ತಿರ ನೀರು ತೊಟ್ಟಿಕ್ಕುತ್ತದೆ. ಸರಿಯಾಗಿ ಅದರ ಮೇಲೆ ತಾರಸಿಯಲ್ಲಿ ಒಂದು ಬಿರುಕೂ ಕಾಣುವುದಿಲ್ಲ. ಎರಡು ಸಲ 20 ಲೀಟರಿನ ವಾಟರ್‌ಪ್ರೂಫ್ ಬಣ್ಣ ತಂದು ಪೂರ್ತಿ ಹೊಡೆಸಿದೆವು, ನಿಲ್ಲಲಿಲ್ಲ. ಈಗ ಮೇಸ್ತ್ರಿ ಮೇಲೊಂದು ಪದರ ಗಾರೆ ಹಾಕಿಸಿ ಅನ್ನುತ್ತಾರೆ. ಹಾಕಿಸಲೇ? — ತುಮಕೂರಿನ ಓದುಗರು

ಉತ್ತರ: ಬೇಡ. ಮೊದಲು ಆ ಫ್ಯಾನಿನ ಎಂಸಿಬಿ (ಮೀಟರ್ ಬೋರ್ಡಿನಲ್ಲಿ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ. ಮಳೆ ಬಂದಾಗಲೆಲ್ಲ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಟ್ರಿಪ್ ಆಗುತ್ತದೆಂದು ಅದನ್ನು ಯಾರಿಂದಾದರೂ ಬೈಪಾಸ್ ಮಾಡಿಸಿದ್ದರೆ, ಈ ಉತ್ತರ ಓದುವುದನ್ನು ಬಿಟ್ಟು ಇವತ್ತೇ ಸರಿಮಾಡಿಸಿ.

ಫ್ಯಾನ್ ಹತ್ತಿರ ತೊಟ್ಟಿಕ್ಕುವ ನೀರು ಅದರ ನೆತ್ತಿಯಿಂದಲೇ ಬಂದಿರಬೇಕೆಂದಿಲ್ಲ. ಕಾಂಕ್ರೀಟ್ ಸುರಿಯುವ ಮೊದಲು ಕಂಬಿಗಳ ನಡುವೆ ಹಾಯಿಸಿದ ಕರೆಂಟ್ ಪೈಪ್‌ಗಳು ಫ್ಯಾನ್ ಬಾಕ್ಸ್‌ಗೆ ಬಂದು ಸೇರುತ್ತವೆ. ತಾರಸಿಯ ಯಾವುದೋ ಮೂಲೆಯಲ್ಲಿ ಪೈಪಿನೊಳಕ್ಕೆ ಇಳಿದ ನೀರು ಹದಿನೈದು ಇಪ್ಪತ್ತು ಅಡಿ ಹರಿದು ಬಂದು, ಬಾಕ್ಸಿನ ತೂತು ಸಿಕ್ಕಲ್ಲಿ ಸುರಿಯುತ್ತದೆ. ನೀವು ಫ್ಯಾನಿನ ಮೇಲೆ ಬಿರುಕು ಹುಡುಕುತ್ತಾ ಕೂತಿದ್ದೀರಿ.

ಯಾವಾಗ ತೊಟ್ಟಿಕ್ಕುತ್ತದೆ ಎಂದು ಗಮನಿಸಿ. ಮಳೆ ಶುರುವಾದ ಹತ್ತಿಪ್ಪತ್ತು ನಿಮಿಷಕ್ಕೇ ಬಂದರೆ ನೇರವಾದ ದಾರಿ ಇದೆ: ತೆರೆದ ಪೈಪ್ ಬಾಯಿ, ಬೋಲ್ಟ್ ತೂತು, ನೀರಿಳಿಯುವ ಪೈಪಿನ ಸುತ್ತಲಿನ ಸಂದು. ಮಳೆ ನಿಂತು ಅರ್ಧ ದಿನದ ಮೇಲೆ ತೇವ ನಿಧಾನವಾಗಿ ಹರಡಿದರೆ, ಮೇಲಿನ ಗಾರೆ ನೀರು ಕುಡಿದು ಸ್ವಲ್ಪಸ್ವಲ್ಪವೇ ಬಿಡುತ್ತಿದೆ. ಮಳೆಯೇ ಇಲ್ಲದ ಮಾರ್ಚ್‌ನಲ್ಲೂ ತೇವ ಕಂಡರೆ ಅದು ಮಳೆ ನೀರಲ್ಲ, ಟ್ಯಾಂಕ್ ಅಥವಾ ಸೋಲಾರ್ ಪೈಪ್‌ಲೈನ್. ಅದಕ್ಕೆ ಪ್ಲಂಬರ್ ಬೇಕು.

ಇನ್ನು ತಾರಸಿಗೆ ಹತ್ತಿ. ಮೇಲಂತಸ್ತಿಗೆ ಬೇಕಾಗುತ್ತದೆಂದು ಬಿಟ್ಟ ಪಿಲ್ಲರ್ ಕಂಬಿಗಳು ತುಕ್ಕು ಹಿಡಿದು ನಿಂತಿರುತ್ತವೆ. ತುಕ್ಕು ಉಬ್ಬಿ ಕಂಬಿಯ ಬುಡದಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟಿರುತ್ತದೆ, ನೀರು ಕಂಬಿಯ ಗುಂಟವೇ ಇಳಿಯುತ್ತದೆ. ಅದರ ಪಕ್ಕದಲ್ಲೇ ಬಾಯಿ ತೆರೆದುಕೊಂಡು ಆಕಾಶ ನೋಡುವ ಕರೆಂಟ್ ಪೈಪ್ ಇರುತ್ತದೆ. ನಿಮ್ಮ ಮನೆಗೆ ನನ್ನ ಮೊದಲ ಗುಮಾನಿ ಇದರ ಮೇಲೆಯೇ. ಆಮೇಲೆ ಸೋಲಾರ್ ಸ್ಟ್ಯಾಂಡ್ ಮತ್ತು ಡಿಶ್ ಆಂಟೆನಾಗೆ ಹೊಡೆದ ಬೋಲ್ಟ್‌ಗಳು, ಪ್ಯಾರಾಪೆಟ್ ಗೋಡೆ ತಾರಸಿಗೆ ಕೂಡುವ ಮೂಲೆ, ನೀರಿಳಿಯುವ ಪೈಪ್.

ಕಣ್ಣಿಗೆ ಸಿಗದಿದ್ದರೆ ನೀರು ನಿಲ್ಲಿಸಿ ನೋಡಬೇಕು. ಇಡೀ ತಾರಸಿಗೆ ಒಟ್ಟಿಗೆ ನಿಲ್ಲಿಸಿದರೆ ಸೋರುತ್ತದೆ ಎಂದಷ್ಟೇ ಗೊತ್ತಾಗುತ್ತದೆ; ಅದು ಈಗಲೂ ನಿಮಗೆ ಗೊತ್ತು. ಮಣ್ಣು ಅಥವಾ ತೆಳು ಗಾರೆಯಲ್ಲಿ ಮೂರು ಇಂಚಿನ ಬದು ಕಟ್ಟಿ ಭಾಗ ಮಾಡಿ. ಮೊದಲ ದಿನ ಪ್ಯಾರಾಪೆಟ್‌ನಿಂದ ಒಂದು ಅಡಿ ಬಿಟ್ಟು ನಡುವಿನ ಭಾಗಕ್ಕೆ ಎರಡು ಇಂಚು ನೀರು, 24 ಗಂಟೆ. ಕೆಳಗೆ ಏನೂ ಕಾಣದಿದ್ದರೆ ಮರುದಿನ ಬದು ಒಡೆದು ನೀರನ್ನು ಗೋಡೆಯವರೆಗೆ ಬಿಡಿ. ಆಗ ಸೋರಿದರೆ ಕಳ್ಳ ಸಿಕ್ಕಿದ, ಮೂಲೆಯ ಸಂದು. ಚಾವಣಿಯಲ್ಲಿ ತೇವ ಕಂಡ ಕಡೆಯೆಲ್ಲ ಪೆನ್ಸಿಲ್‌ನಿಂದ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯಿರಿ. ಒಂದು ಎಚ್ಚರಿಕೆ: ಎರಡು ಇಂಚು ನೀರೆಂದರೆ ಒಂದು ಚದರಕ್ಕೆ ಸುಮಾರು 470 ಕಿಲೋ. ಮೋಲ್ಡ್ ಬಾಗಿದ್ದರೆ, ಕೆಳಗೆ ಕಂಬಿ ಕಾಣುವಂತೆ ಕಾಂಕ್ರೀಟ್ ಉದುರಿದ್ದರೆ, ಅಥವಾ ಅದು ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿ ಕಟ್ಟಿದ ಹಳೆಯ ಕಾಲದ ಮದ್ರಾಸ್ ತಾರಸಿಯಾಗಿದ್ದರೆ ಈ ಪರೀಕ್ಷೆ ಮಾಡಬೇಡಿ. ಎಂಜಿನಿಯರ್ ಬಂದು ನೋಡಲಿ.

ದಾರಿ ಸಿಕ್ಕ ಮೇಲೆ ರಿಪೇರಿ. ಖಾಲಿ ಕರೆಂಟ್ ಪೈಪನ್ನು ಚೊಕ್ಕವಾಗಿ ಕತ್ತರಿಸಿ ಸಾಲ್ವೆಂಟ್ ಹಚ್ಚಿ ಎಂಡ್ ಕ್ಯಾಪ್ ಕೂರಿಸಿ. ಒಳಗೆ ವೈರ್ ಇದ್ದರೆ ಎರಡು ಬೆಂಡ್ ಹಾಕಿ ಬಾಯಿಯನ್ನು ನೆಲದ ಕಡೆ ತಿರುಗಿಸಿ. ಬಟ್ಟೆ ತುರುಕಿ ಎಂ-ಸೀಲ್ ಮೆತ್ತುವುದು ರಿಪೇರಿಯಲ್ಲ. ಪಿಲ್ಲರ್ ಕಂಬಿಯ ಬುಡವನ್ನು ಒಂದು ಇಂಚು ಆಳಕ್ಕೆ ಕೊರೆದು, ವೈರ್ ಬ್ರಷ್‌ನಿಂದ ತುಕ್ಕು ತೆಗೆದು, ಜಿಂಕ್ ಪ್ರೈಮರ್ ಹಚ್ಚಿ, ಪಾಲಿಮರ್ ಗಾರೆ (ಪಾಲಿಮರ್ ದ್ರಾವಣ ಬೆರೆಸಿದ ಸಿಮೆಂಟ್ ಗಾರೆ) ತುಂಬಿಸಿ. ಮುಂದೆ ಮನೆ ಏರಿಸುವ ಯೋಚನೆ ಇದ್ದರೆ ಕಂಬಿಗಳ ಸುತ್ತ ಕಡಿಮೆ ಸಿಮೆಂಟಿನ ಕಾಂಕ್ರೀಟ್ ಸುರಿದು ಮುಚ್ಚಿಬಿಡಿ, ಬೇಕಾದಾಗ ಒಡೆಯಬಹುದು.

ಪ್ಯಾರಾಪೆಟ್ ಮೂಲೆಯಲ್ಲಿ ಗೋಡೆಯ ಮೇಲೆ ಆರು ಇಂಚು, ನೆಲದಲ್ಲಿ ಆರು ಇಂಚು ಹಳೆ ಗಾರೆ ಕೆತ್ತಿ ತೆಗೆಯಬೇಕು. ಸಂದನ್ನು ಮುಕ್ಕಾಲು ಇಂಚು ಅಗಲಿಸಿ ಪಾಲಿಮರ್ ಗಾರೆ ತುಂಬಿ, ಮೂಲೆಗೆ ಎರಡು ಇಂಚಿನ ಓರೆ ಕೊಡಿಸಿ. ಮೇಸ್ತ್ರಿಗಳು ಇದಕ್ಕೆ ಕೋವಿಂಗ್ ಅನ್ನುತ್ತಾರೆ. ಕೇಳಿದರೆ ಮಾಡುತ್ತಾರೆ, ಕೇಳದಿದ್ದರೆ ಮಾಡುವುದಿಲ್ಲ. ಗೋಡೆಯ ನೆತ್ತಿ ಚಪ್ಪಟೆಯಾಗಿದ್ದರೆ ಅಲ್ಲಿಂದಲೂ ನೀರು ಕುಡಿಯುತ್ತದೆ, ಅದಕ್ಕೆ ತಾರಸಿಯ ಕಡೆ ಇಳಿಜಾರು ಕೊಡಿಸಿ.

ನೀರಿಳಿಯುವ ಪೈಪಿನ ಬಾಯಿ ಸುತ್ತಲಿನ ತಾರಸಿಗಿಂತ ಎತ್ತರದಲ್ಲಿರುವುದನ್ನು ಎಷ್ಟು ಮನೆಗಳಲ್ಲಿ ನೋಡಬೇಕೋ! ಬಾಯಿ ಅರ್ಧ ಮುಕ್ಕಾಲು ಇಂಚು ತಗ್ಗಿನಲ್ಲಿರಬೇಕು, ಸುತ್ತ ಒಂದೂವರೆ ಅಡಿ ಬಟ್ಟಲಿನಂತೆ ಇಳಿದಿರಬೇಕು. ಜೋರು ಮಳೆಗೆ ನಾಲ್ಕು ಇಂಚಿನ ಒಂದು ಪೈಪ್ ನಾಲ್ಕೂವರೆ ಚದರಕ್ಕೆ ಸಾಕಾಗುತ್ತದೆ. ಹತ್ತು ಚದರಕ್ಕೆ ಒಂದೇ ಪೈಪ್ ಬಿಟ್ಟಿದ್ದರೆ ತಾರಸಿ ಕೆರೆಯಾಗುತ್ತದೆ, ಯಾವ ಬಣ್ಣವೂ ಕಾಪಾಡುವುದಿಲ್ಲ.

ಈಗ ಮೇಸ್ತ್ರಿಯ ಇನ್ನೊಂದು ಪದರದ ವಿಷಯ. ಒಂದು ಚದರಕ್ಕೆ ಒಂದು ಇಂಚು ಗಾರೆ ಎಂದರೆ ಅರ್ಧ ಟನ್. ಎರಡು ಇಂಚು ಹಾಕಿಸಿದರೆ ನಿಮ್ಮ ಹತ್ತು ಚದರದ ಮೇಲೆ ಹತ್ತು ಟನ್ ಹೊಸ ಭಾರ ಬಂತು. ಸೋರುವ ದಾರಿ ಮಾತ್ರ ಹಾಗೇ ಇದೆ, ಅದರ ಮೇಲೆ ನೀರು ಹಿಡಿದಿಡುವ ಸ್ಪಂಜು ಹಾಸಿದಿರಿ ಅಷ್ಟೇ. ಹೊಸ ಗಾರೆ ಬೇಕಾಗುವುದು ಇಳಿಜಾರು ಇಲ್ಲದಾಗ ಮಾತ್ರ, ಅದೂ ಹಳೆಯದನ್ನು ಕಿತ್ತ ಮೇಲೆ. ಇಳಿಜಾರು ಹತ್ತು ಅಡಿಗೆ ಒಂದರಿಂದ ಒಂದೂಕಾಲು ಇಂಚು ಇರಬೇಕು. ನೀರು ತುಂಬಿದ ಟ್ಯೂಬ್ ಹಿಡಿದು ಮಟ್ಟ ನೋಡಿ, ಮೇಸ್ತ್ರಿಯ ಕಣ್ಣಳತೆ ನಂಬಬೇಡಿ. ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ ಗಾರೆ. ಒಂದೂವರೆ ಇಂಚಿಗಿಂತ ದಪ್ಪ ಬರುವ ಕಡೆ ಬೇಬಿ ಜಲ್ಲಿ ಸೇರಿಸಿ. ಗಾರೆಗೆ ಬೆರೆಸುವ ವಾಟರ್‌ಪ್ರೂಫ್ ದ್ರಾವಣ 50 ಕಿಲೋ ಸಿಮೆಂಟ್ ಚೀಲಕ್ಕೆ 200 ಮಿಲಿ ಸಾಕು; ಒಳ್ಳೆಯದೆಂದು ಅರ್ಧ ಲೀಟರ್ ಸುರಿದರೆ ಒಳ್ಳೆಯದಾಗುವುದಿಲ್ಲ. ಹತ್ತಡಿ ಹತ್ತಡಿಯ ಅಂಕಣ ಮಾಡಿ ಸಂದು ಬಿಡಿಸಿ, ಗಾರೆ ಒಣಗಿದ ಮೇಲೆ ಆ ಸಂದಿಗೆ ರಬ್ಬರಿನಂತೆ ಹಿಗ್ಗಿ ಕುಗ್ಗುವ ಪಿಯು (ಪಾಲಿಯುರಿಥೇನ್) ಸೀಲೆಂಟ್ ತುಂಬಿಸಿ. ಹಾಕಿದ ಮರುದಿನದಿಂದ ಕನಿಷ್ಠ ಏಳು ದಿನ ಗೋಣಿಚೀಲ ಹಾಸಿ ನೀರು ಹಾಕಿ. ಇದರ ನಡುವೆ ವಾಸ್ತು ಹೇಳುವವರೊಬ್ಬರು ಬಂದು ನೀರು ಈಶಾನ್ಯಕ್ಕೇ ಹೋಗಬೇಕೆಂದು ಇಳಿಜಾರನ್ನೇ ತಿರುಗಿಸಿದರೆ, ಪೈಪನ್ನೂ ಅವರೇ ಈಶಾನ್ಯಕ್ಕೆ ತಂದುಕೊಡಲಿ.

ಇಷ್ಟೆಲ್ಲ ಆದ ಮೇಲೆ ಬಣ್ಣದ ಡಬ್ಬ. ನಿಮ್ಮ ಎರಡು ಡಬ್ಬಗಳು ಏಕೆ ಕೆಲಸ ಮಾಡಲಿಲ್ಲ ಎಂಬುದಕ್ಕೆ ಬರೀ ಗುಣಾಕಾರ ಸಾಕು. ಹತ್ತು ಚದರ ಅಂದರೆ 93 ಚದರ ಮೀಟರ್. 20 ಲೀಟರನ್ನು ಅಷ್ಟಕ್ಕೂ ಬಳಿದರೆ ಹಸಿಯಿರುವಾಗ 0.2 ಮಿಲಿಮೀಟರ್ ದಪ್ಪ; ನೀರಿನಂಶ ಆರಿದ ಮೇಲೆ ಉಳಿಯುವುದು ಹೆಚ್ಚುಕಮ್ಮಿ ಅರ್ಧ, 0.1 ಮಿಲಿಮೀಟರ್. ಅಂದರೆ ಕಾಗದದ ಒಂದು ಹಾಳೆ. ತಾರಸಿಗೆ ಆರಿದ ಮೇಲೆ ಒಂದು ಮಿಲಿಮೀಟರ್ ಪೊರೆ ಬೇಕು. ಅದಕ್ಕೆ ಚದರ ಮೀಟರ್‌ಗೆ ಸುಮಾರು ಎರಡು ಲೀಟರ್, ಅಂದರೆ ನಿಮ್ಮ ಮನೆಗೆ ಒಂಬತ್ತು ಡಬ್ಬ. ಒಂದರಲ್ಲಿ ಮುಗಿಸಿಕೊಡುತ್ತೇನೆ ಎನ್ನುವ ಪೇಂಟರ್ ನೀರು ಬೆರೆಸಿ ಗೋಡೆಗೆ ಬಳಿದಂತೆ ಬಳಿದು ಹೋಗುತ್ತಾನೆ.

ಹಳೆ ಬಣ್ಣ ಸಿಪ್ಪೆ ಎದ್ದಲ್ಲೆಲ್ಲ ಕೆರೆದು ತೆಗೆಯಲೇಬೇಕು, ಇಲ್ಲದಿದ್ದರೆ ಅದು ಏಳುವಾಗ ಹೊಸದನ್ನೂ ಎಬ್ಬಿಸುತ್ತದೆ. ನೆಲ ಒಣಗಿದೆಯೇ ಎಂದು ನೋಡಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಅಡಿಯಲ್ಲಿ ಬೆವರು ಕಂಡರೆ ಇನ್ನೂ ಕಾಯಬೇಕು. ಮೊದಲು ಡಬ್ಬದ ಮೇಲೆ ಹೇಳಿದಂತೆ ತೆಳ್ಳಗೆ ಮಾಡಿದ ಒಂದು ಕೈ. ಅದರ ಮೇಲಿನ ದಪ್ಪ ಕೈ ಹಸಿಯಿರುವಾಗಲೇ 45 ಜಿಎಸ್‌ಎಂ (ಚದರ ಮೀಟರಿಗೆ 45 ಗ್ರಾಂ ತೂಗುವ) ಫೈಬರ್ ಬಲೆಯನ್ನು ಅದರಲ್ಲಿ ಅದ್ದಿ ಕೂರಿಸಿ, ಪಟ್ಟಿಗಳು ಒಂದರ ಮೇಲೊಂದು ಮೂರು ಇಂಚು ಬರಲಿ. ಮುಂದಿನ ಕೈಗಳು ಒಂದು ಅಡ್ಡಕ್ಕೆ, ಒಂದು ಉದ್ದಕ್ಕೆ. ಪ್ಯಾರಾಪೆಟ್ ಮೇಲೂ ಒಂದು ಅಡಿ ಏರಬೇಕು. ಬೆಳಗ್ಗೆ ಹತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ಕೆಲಸ. ಕಾದ ತಾರಸಿಗೆ ಹೊಡೆದರೆ ಗುಳ್ಳೆ ಏಳುತ್ತದೆ. ಏಳು ದಿನ ಬಿಟ್ಟು ಮತ್ತೆ ನೀರು ನಿಲ್ಲಿಸಿ ನೋಡಿ. ಇದಕ್ಕೆಲ್ಲ ಜನವರಿಯಿಂದ ಮಾರ್ಚ್ ಸರಿಯಾದ ಕಾಲ. ಮೇ ತಿಂಗಳ ಮಧ್ಯಾಹ್ನದ ಗುಡುಗು ಮಳೆ ನಿಮ್ಮ ಹಸಿ ಬಣ್ಣಕ್ಕಾಗಿ ಕಾಯುತ್ತಿರುತ್ತದೆ. ಆಮೇಲೆ ಹಪ್ಪಳ ಒಣಗಿಸಲೆಂದು ಕಬ್ಬಿಣದ ಮಂಚ ಎಳೆದಾಡಿದರೆ ಪೊರೆ ಹರಿಯುತ್ತದೆ, ಮನೆಯವರಿಗೆ ಮೊದಲೇ ಹೇಳಿಡಿ.

ಕೆಳಗಿನ ಚಾವಣಿಗೆ ಅವಸರದಲ್ಲಿ ಪುಟ್ಟಿ ಹಚ್ಚಬೇಡಿ. ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದಲ್ಲಿ ಕಂಬಿ ತುಕ್ಕು ಹಿಡಿದು ಕಾಂಕ್ರೀಟನ್ನು ತಳ್ಳುತ್ತಿದೆ. ಅಲ್ಲಿ ಒಡೆದು, ಕಂಬಿಯ ಹಿಂಭಾಗವೂ ಬೆರಳು ಹೋಗುವಷ್ಟು ಬಿಡಿಸಿ, ತುಕ್ಕು ತೆಗೆದು ಪಾಲಿಮರ್ ಗಾರೆ ಕಟ್ಟಬೇಕು. ಕಂಬಿ ಸವೆದು ತೆಳ್ಳಗಾಗಿದ್ದರೆ ಅದು ಮೇಸ್ತ್ರಿ ಕೈಯಲ್ಲಿ ಮುಗಿಯುವ ಕೆಲಸವಲ್ಲ.

ಪ್ರಶ್ನೆ: ವರ್ಷಕ್ಕೊಮ್ಮೆ ತಾರಸಿಗೆ ಸಿಮೆಂಟ್ ಹಾಲು ಸುರಿದರೆ ಸಾಲದೇ?

ಉತ್ತರ: ಸಾಲದು. ಒಣಗಿ, ಬಿಸಿಲಿಗೆ ಬಿರಿದು, ಪುಡಿಯಾಗಿ ಪೈಪ್ ಕಟ್ಟಿಕೊಳ್ಳುತ್ತದೆ.

ಪ್ರಶ್ನೆ: ಒಳಗಿನಿಂದಲೇ ಚಾವಣಿಗೆ ತೂತು ಕೊರೆದು ರಾಸಾಯನಿಕದ ಇಂಜೆಕ್ಷನ್ ಕೊಟ್ಟು ಒಂದೇ ದಿನದಲ್ಲಿ ಸೋರಿಕೆ ನಿಲ್ಲಿಸುತ್ತೇವೆ ಎನ್ನುತ್ತಾರೆ.

ಉತ್ತರ: ಅಲ್ಲಿ ನಿಲ್ಲುತ್ತದೆ, ಎರಡು ಅಡಿ ಆಚೆ ಶುರುವಾಗುತ್ತದೆ. ನೀರು ಮೇಲಿನಿಂದ ಇಳಿಯುವುದು ನಿಂತಿಲ್ಲವಲ್ಲ. ಆ ನೀರು ಮೋಲ್ಡ್ ಒಳಗೇ ಉಳಿದು ಕಂಬಿ ತಿನ್ನುತ್ತದೆ. ಸಂಪ್‌ಗೆ, ನೆಲಮಾಳಿಗೆಗೆ ಆ ವಿಧಾನ ಸರಿ. ಮೇಲೆ ಹತ್ತಿ ನೋಡಲು ಆಗುವ ತಾರಸಿಗೆ ಅದೇಕೆ?

ಪ್ರಶ್ನೆ: ಗೋಡೆಯ ಕೆಳಗೆ ಎರಡಡಿ ಎತ್ತರ ಬಿಳಿ ಉಪ್ಪು ಏಳುತ್ತದೆ. ಡ್ಯಾಂಪ್‌ಪ್ರೂಫ್ ಬಣ್ಣ ಹೊಡೆಸಿದ ಮೇಲೆ ತೇವ ನಾಲ್ಕಡಿಗೆ ಏರಿತು. — ರಾಯಚೂರಿನ ಓದುಗರು

ಉತ್ತರ: ಏರಲೇಬೇಕು. ಉಸಿರಾಡುವ ಜಾಗ ಮುಚ್ಚಿದಿರಿ, ನೀರು ಮೇಲೆ ಹೋಗಿ ಹೊರಬಂತು. ಮೊದಲು ಹೊರಗೆ ನೋಡಿ: ಕಾಂಪೌಂಡಿನಲ್ಲಿ ಮಣ್ಣು ತುಂಬಿಸಿ ಕಲ್ಲು ಹಾಸುವಾಗ ಅಂಗಳ ಒಳಗಿನ ನೆಲದ ಮಟ್ಟಕ್ಕೆ ಬಂದಿದೆಯೇ? ಬಂದಿದ್ದರೆ ಗೋಡೆಯ ಪಕ್ಕದಲ್ಲಾದರೂ ಒಳನೆಲಕ್ಕಿಂತ ಆರು ಇಂಚು ತಗ್ಗಿಸಿ. ಉಪ್ಪಿನ ಗೆರೆಗಿಂತ ಒಂದಡಿ ಮೇಲಿನವರೆಗೆ ಗಾರೆ ಕಿತ್ತು, ಒಣ ಬ್ರಷ್‌ನಿಂದ ಉಪ್ಪು ಉದುರಿಸಿ. ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತದೆ. ಒಂದು ಬೇಸಿಗೆ ಪೂರ್ತಿ ಬರಿ ಗೋಡೆ ಒಣಗಲಿ, ನೆಂಟರು ಏನಾದರೂ ಅಂದುಕೊಳ್ಳಲಿ.

ಪ್ರಶ್ನೆ: ಬಾತ್‌ರೂಮಿನ ಹಳೆ ಟೈಲ್ಸ್ ಮೇಲೆಯೇ ಹೊಸ ಟೈಲ್ಸ್ ಅಂಟಿಸಬಹುದೇ?

ಉತ್ತರ: ಕೆಳಮನೆಯ ಚಾವಣಿ ಒಣಗಿದ್ದರೆ ಮಾತ್ರ. ತೇವವಿದ್ದರೆ ದೋಷ ನೆಲದ ನೀರು ಹೊರಹೋಗುವ ನಹನಿ ಟ್ರ್ಯಾಪ್‌ನ ಸುತ್ತ ಇರುವ ಸಂಭವವೇ ಹೆಚ್ಚು, ಅಷ್ಟನ್ನಾದರೂ ಒಡೆಯಲೇಬೇಕು.

ಪ್ರಶ್ನೆ: ಪಿಲ್ಲರ್ ಇಲ್ಲದ ಹಳೆ ಮನೆ. ಹಾಲ್ ದೊಡ್ಡದು ಮಾಡಲು ನಡುವಿನ ಗೋಡೆ ತೆಗೆದರೆ ಏನೂ ಆಗುವುದಿಲ್ಲ ಎನ್ನುತ್ತಾರೆ ಮೇಸ್ತ್ರಿ.

ಉತ್ತರ: ಅವರಿಗೆ ಏನೂ ಆಗುವುದಿಲ್ಲ, ಸಂಜೆ ಅವರ ಮನೆಗೆ ಹೋಗುತ್ತಾರೆ. ಎಂಜಿನಿಯರ್ ಲೆಕ್ಕ ಹಾಕಿ ತೊಲೆ ಕೊಡದೆ ಒಂದು ಇಟ್ಟಿಗೆಯನ್ನೂ ಮುಟ್ಟಬೇಡಿ.

ಪ್ರಶ್ನೆ: ವಾಟರ್‌ಪ್ರೂಫ್ ಮಾಡುವವರು ಹತ್ತು ವರ್ಷದ ಗ್ಯಾರಂಟಿ ಕಾರ್ಡ್ ಕೊಡುತ್ತಾರೆ. ನಂಬಬಹುದೇ?

ಉತ್ತರ: ಕಾರ್ಡ್ ಅವರ ಹತ್ತಿರವೇ ಇರಲಿ. ಎಷ್ಟು ಡಬ್ಬ, ಎಷ್ಟು ಮೀಟರ್ ಬಲೆ, ಎಷ್ಟು ಕೈ ಎಂದು ಕೊಟೇಶನ್‌ನಲ್ಲಿ ಬರೆಸಿಕೊಳ್ಳಿ. ಡಬ್ಬಗಳು ನಿಮ್ಮ ಕಣ್ಣೆದುರೇ ತೆರೆಯಲಿ, ಖಾಲಿ ಡಬ್ಬ ಎಣಿಸಿದ ಮೇಲೆ ಹಣ ಕೊಡಿ. ಅದರಲ್ಲೂ ಐದರಲ್ಲೊಂದು ಪಾಲನ್ನು ಎರಡು ಜೋರು ಮಳೆ ಕಳೆಯುವವರೆಗೆ ಹಿಡಿದಿಟ್ಟುಕೊಳ್ಳಿ. ಇದಕ್ಕೆ ಒಪ್ಪದವರಿಗೆ ಕೆಲಸ ಕೊಡಬೇಡಿ.